ಅರಿಶಿನದ ಸತ್ವ ರಕ್ತ ಸೇರಬೇಕಾದರೆ: ಕೈಟೋಸಾನ್ ಲೇಪದ ನ್ಯಾನೋಕಣ ಮಾಡುವ ಬಗೆ

ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಕರಗಿದ ಚೂರುಪಾರೂ ಕರುಳಿನ ಗೋಡೆಯಲ್ಲಿ, ಲಿವರ್‌ನಲ್ಲಿ ರೂಪ ಬದಲಿಸಿ ಹೊರಟುಹೋಗುತ್ತದೆ. ನಮ್ಮ ಮಲೆನಾಡಿನ ಕಷಾಯಕ್ಕೆ ಅರಿಶಿನದ ಜೊತೆ ಕಾಳುಮೆಣಸೂ ಬೀಳುತ್ತದೆ ಅಲ್ವಾ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತ ಸೇರುವ ಪ್ರಮಾಣ ಶೇ. 2000ರಷ್ಟು ಏರಿತ್ತು. ಆದರೆ ಪೈಪರಿನ್ ಔಷಧಿಗಳ ರೂಪ ಬದಲಿಸುವ ದೇಹದ ಕಿಣ್ವಗಳನ್ನೇ ತಡೆಯುತ್ತದೆ. ಬೇರೆ ಮಾತ್ರೆ ತಗೊಳ್ಳುವವರಿಗೆ ಆ ಔಷಧಿಯೂ ರಕ್ತದಲ್ಲಿ ಜಾಸ್ತಿಯಾಗಬಹುದು. ಅದಕ್ಕೇ ನನಗೆ ಕರ್ಕ್ಯುಮಿನ್ ಅನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ (ನ್ಯಾನೋಕಣ) ತುಂಬಿ, ಮೇಲೆ ಕೈಟೋಸಾನ್ ಲೇಪ ಹಚ್ಚುವ ದಾರಿ ಹೆಚ್ಚು ಇಷ್ಟ.

ಶಿವಮೊಗ್ಗದಲ್ಲಿ ಎಂ.ಫಾರ್ಮ್ ಮಕ್ಕಳಿಗೆ ಪ್ರಾಜೆಕ್ಟ್ ಮಾಡಿಸುವವಳು ನಾನು. ನಾವು ಶುರು ಮಾಡುವ ಅಳತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಬ್ಬನ್ನು ಪರೀಕ್ಷಿಸಿ. 200 ಮಿಲಿಗ್ರಾಂ ಗ್ಲಿಸರಿಲ್ ಮೊನೊಸ್ಟಿಯರೇಟ್‌ಗೆ (ಇದೇ ನಮ್ಮ ಗಟ್ಟಿ ಕೊಬ್ಬು) ಸ್ವಲ್ಪ ಲೆಸಿಥಿನ್ (ಕೊಬ್ಬು, ನೀರು ಬೆರೆಯಲು ನೆರವಾಗುವ ವಸ್ತು) ಸೇರಿಸಿ 75 ಡಿಗ್ರಿಯಲ್ಲಿ ಕರಗಿಸಿ. 10 ಮಿಲಿಗ್ರಾಂ ಕರ್ಕ್ಯುಮಿನ್ ಹಾಕಿ ಕಲಕಿ. ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಬಿಟ್ಟು, ಆರಿದ ಮೇಲೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಕಿತ್ತಳೆ ಬಣ್ಣದ ಸೂಜಿಯಂಥ ಹರಳು ಕಂಡರೆ ಔಷಧಿ ಕೊಬ್ಬಿನೊಳಗೆ ಕೂತಿಲ್ಲ ಎಂದರ್ಥ. ಪ್ರಮಾಣ ಇಳಿಸಿ, ಇಲ್ಲವೇ ಕೊಬ್ಬು ಬದಲಿಸಿ.

ಹರಳಿಲ್ಲ ಅಂತ ಖಾತ್ರಿಯಾದರೆ, ಅಷ್ಟೇ ಬಿಸಿಯಾದ 20 ಮಿಲಿಲೀಟರ್ ನೀರಿಗೆ ಶೇ. 1.5 ಟ್ವೀನ್ 80 (ಸೋಪಿನಂತೆ ಕೊಬ್ಬನ್ನು ನೀರಿನಲ್ಲಿ ಹರಡುವ ದ್ರವ) ಬೆರೆಸಿ ಕರಗಿದ ಕೊಬ್ಬಿಗೆ ಸುರಿಯಿರಿ. ವೇಗವಾಗಿ ಕಡೆಯುವ ಹೋಮೊಜನೈಸರ್‌ನಲ್ಲಿ ಕೆಲವು ನಿಮಿಷ, ಆಮೇಲೆ ಶಬ್ದತರಂಗದಿಂದ ಹನಿಗಳನ್ನು ಒಡೆಯುವ ಪ್ರೋಬ್ ಸೋನಿಕೇಟರ್‌ನಲ್ಲಿ ಬಿಟ್ಟು ಬಿಟ್ಟು ಐದು ನಿಮಿಷ ಇಡಿ. ಕಲಕುತ್ತಲೇ ಐಸ್‌ನಲ್ಲಿ ತಣಿಸಿ. ಕರ್ಕ್ಯುಮಿನ್‌ಗೆ ಬೆಳಕು ಆಗದು, ಬೀಕರ್‌ಗೆ ಫಾಯಿಲ್ ಸುತ್ತಿಡಿ.

ಈಗ ಲೇಪ. ಈ ಕಣಗಳ ಮೈಮೇಲೆ ಋಣ ವಿದ್ಯುತ್ತು ಇರುತ್ತದೆ. ಕರುಳಿನ ಲೋಳೆಯದ್ದೂ ಋಣವೇ. ಹಾಗಾಗಿ ಬರಿಯ ಕಣ ಕೆಸುವಿನ ಎಲೆ ಮೇಲಿನ ನೀರಿನಂತೆ ಜಾರಿಕೊಳ್ಳುತ್ತದೆ. ಸಿಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್ ಆಮ್ಲದಲ್ಲಿ ಧನ ವಿದ್ಯುತ್ತು ಪಡೆಯುತ್ತದೆ, ಲೋಳೆಗೆ ಅಂಟುತ್ತದೆ, ಜೀವಕೋಶಗಳ ನಡುವಿನ ಬಿಗಿ ಜೋಡಣೆಯನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಶೇ. 1 ಅಸಿಟಿಕ್ ಆಮ್ಲದಲ್ಲಿ ಶೇ. 0.2 ಕೈಟೋಸಾನ್ ಹಾಕಿ ರಾತ್ರಿಯಿಡೀ ಕಲಕಲು ಬಿಡಿ. ಬೆಳಿಗ್ಗೆ ಸೋಸಿ, ಪಿಎಚ್ 4.5ರ ಹತ್ತಿರ ತನ್ನಿ.

ಯಾವುದನ್ನು ಯಾವುದಕ್ಕೆ ಹಾಕುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಕಣಗಳಿರುವ ದ್ರವವನ್ನು ಕೈಟೋಸಾನ್‌ಗೆ ಹನಿಹನಿಯಾಗಿ ಬಿಡಿ. ಕೈಟೋಸಾನ್ ಅನ್ನು ಕಣಗಳ ಮೇಲೆ ಬಿಡಬೇಡಿ. ಹಾಗೆ ಬಿಟ್ಟರೆ ಶುರುವಿನಲ್ಲಿ ಲೇಪ ಸಾಲದೆ, ನಡುವೆ ಎಲ್ಲೋ ಕಣಗಳ ವಿದ್ಯುತ್ತು ಸೊನ್ನೆಯಾಗುತ್ತದೆ. ಆಗ ಒಂದನ್ನೊಂದು ದೂರ ತಳ್ಳುವ ಬಲವೇ ಇರುವುದಿಲ್ಲ. ಹಾಲಿನಂತಿದ್ದ ಹಳದಿ ದ್ರವ ಒಡೆದು ತಳದಲ್ಲಿ ಚರಟ ಕೂರುತ್ತದೆ. ಮೊದಲ ಹನಿಯಿಂದಲೇ ಕೈಟೋಸಾನ್ ಧಾರಾಳವಾಗಿದ್ದರೆ ಪ್ರತಿ ಕಣಕ್ಕೂ ಬಿದ್ದ ಕೂಡಲೇ ಪೂರ್ತಿ ಲೇಪ ಸಿಗುತ್ತದೆ. ಸಮ ಪ್ರಮಾಣ ಸೇರಿಸಿ ಒಂದು ಗಂಟೆ ಕಲಕಿದರೆ ಸಾಕು.

ಲೇಪಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಝೀಟಾ ಪೊಟೆನ್ಷಿಯಲ್, ಅಂದರೆ ಕಣದ ಮೈಮೇಲಿನ ವಿದ್ಯುತ್ತಿನ ಸೂಚಕ, ಅಳೆಯಿರಿ. ಋಣದಿಂದ ಧನಕ್ಕೆ ತಿರುಗಬೇಕು, ಗಾತ್ರ ಸ್ವಲ್ಪ ಏರಬೇಕು, ಪಿಡಿಐ (ಕಣಗಳ ಗಾತ್ರದಲ್ಲಿ ಎಷ್ಟು ವ್ಯತ್ಯಾಸವಿದೆ ಅನ್ನುವ ಅಳತೆ) 0.3ಕ್ಕಿಂತ ಕೆಳಗಿರಬೇಕು. ಚಿಹ್ನೆ ತಿರುಗದಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಕಣದೊಳಗೆ ಎಷ್ಟು ಔಷಧಿ ಉಳಿಯಿತು ಅನ್ನುವ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಕಣಗಳನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ತಳಕ್ಕೆ ಕೂರಿಸಿ, ಮೇಲಿನ ನೀರು ತಿಳಿಯಾಗಿದೆ, ಶೇ. 98 ಒಳಗಿದೆ ಅಂತ ಬರೆದುಬಿಡುತ್ತಾರೆ. ಬಿಡಿ ಕರ್ಕ್ಯುಮಿನ್ ಮೊದಲೇ ನೀರಿನಲ್ಲಿ ಕರಗುವುದಿಲ್ಲವಲ್ಲ! ಅದೂ ಹರಳಾಗಿ ಕಣಗಳ ಜೊತೆಗೇ ತಳ ಸೇರಿರುತ್ತದೆ. ಮೊದಲು ಕಡಿಮೆ ವೇಗದಲ್ಲಿ ತಿರುಗಿಸಿ ಹರಳು ಬೇರ್ಪಡಿಸಿ. ಆಮೇಲೆ ಮೇಲುಳಿದ ಕಣಗಳನ್ನು ಮೆಥನಾಲ್‌ನಲ್ಲಿ ಬಿಡಿಸಿ 425 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಿರಿ.

ಕಣದಿಂದ ಔಷಧಿ ಹೊರಬರುವ ಬಿಡುಗಡೆಯ ಪರೀಕ್ಷೆ ಹೊಟ್ಟೆಯಂತೆ ಪಿಎಚ್ 1.2ರಲ್ಲಿ ಎರಡು ಗಂಟೆ, ಆಮೇಲೆ ಕರುಳಿನಂತೆ 6.8ರಲ್ಲಿ. ಮಾಧ್ಯಮಕ್ಕೆ ಟ್ವೀನ್ 80 ಸೇರಿಸದಿದ್ದರೆ ಹೊರಬಂದ ಕರ್ಕ್ಯುಮಿನ್ ಕರಗಲು ಜಾಗವೇ ಇರುವುದಿಲ್ಲ. ಇನ್ನೊಂದು ವಿಷಯ: ಪಿಎಚ್ 7.2ರ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಬಿಡಿ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಸುಮಾರು ಶೇ. 90 ಹಾಳಾಗುತ್ತದೆ. ಗ್ರಾಫ್ ಇಳಿದರೆ ಬಿಡುಗಡೆ ನಿಂತಿತು ಅಂದುಕೊಳ್ಳಬೇಡಿ. ಕೈಟೋಸಾನ್ ಕೂಡ ಪಿಎಚ್ 6.5 ದಾಟಿದರೆ ವಿದ್ಯುತ್ತು ಕಳೆದುಕೊಳ್ಳುತ್ತದೆ. ಕರುಳಿನ ಕೆಳಭಾಗದಲ್ಲೂ ಕೆಲಸ ಆಗಬೇಕಾದರೆ ಪಿಎಚ್ ಏರಿದರೂ ಧನ ವಿದ್ಯುತ್ತು ಉಳಿಸಿಕೊಳ್ಳುವ ಟ್ರೈಮೀಥೈಲ್ ಕೈಟೋಸಾನ್ ನೋಡಿ.

ಇದು ಲ್ಯಾಬ್‌ಗೆ ಸೀಮಿತ. ಸುಮ್ನೆ ಮನೆಯಲ್ಲಿ ಮಾಡಿ ಕುಡಿಯುವಂಥದ್ದಲ್ಲ. ಹೀರಿಕೆ ಹೆಚ್ಚಿಸಿದ ಅರಿಶಿನದ ಸಪ್ಲಿಮೆಂಟ್ ತಿಂದವರಲ್ಲಿ ಲಿವರ್‌ಗೆ ಪೆಟ್ಟುಬಿದ್ದ ವರದಿಗಳಿವೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು.

ಮಲೆನಾಡಿನವರಿಗೆ ಒಂದು ಮಾತು. ಕೈಟೋಸಾನ್ ತೇವ ಎಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೂಗುವ ಮುನ್ನ ಒಣಗಿಸಿ, ಇಲ್ಲದಿದ್ದರೆ ನೀರನ್ನೂ ಸೇರಿಸಿ ತೂಗಿರುತ್ತೀರಿ. ಮುಗಿದ ಕಣಗಳನ್ನು ಟ್ರೆಹಲೋಸ್ (ಕಣಗಳನ್ನು ಕಾಪಾಡುವ ಒಂದು ಸಕ್ಕರೆ) ಹಾಕಿ ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿ ಒಣಗಿಸಿ), ಸಿಲಿಕಾ ಜೆಲ್ ಇಟ್ಟ ಬಿಗಿ ಸೀಸೆಯಲ್ಲಿ, ಫ್ರಿಜ್‌ನಲ್ಲಿಡಿ.