ಕುರಿಯ ಕಿವಿ ಊದಿದರೆ ಮೊದಲು ನೆರಳು, ಆಮೇಲೆ ಮುಲಾಮು

ಯುಗಾದಿ ಕಳೆದು ಒಂದೆರಡು ಮಳೆ ಬಿದ್ದರೆ ಸಾಕು, ನಮ್ಮ ಹನೂರು ಕಡೆಯ ಕಾಡಂಚಿನಲ್ಲಿ ಹುಲ್ಲು ತಲೆಯೆತ್ತುವ ಮೊದಲೇ ಲಂಟಾನ ಚಿಗುರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಕುರಿ ಅದನ್ನು ಮೂಸಿ ಮುಂದೆ ಹೋಗುತ್ತದೆ. ಸಂತೆಯಿಂದ ಬಂದು ಗಾಡಿಯಿಂದ ಹಸಿದು ಇಳಿದದ್ದು ಹಾಗಲ್ಲ, ಕಂಡ ಹಸಿರಿಗೆಲ್ಲ ಬಾಯಿ ಹಾಕುತ್ತದೆ. ಲಂಟಾನ ತಿಂದು ಮಲಗಿದ ಕುರಿಗಳಲ್ಲಿ ನಾನು ಕಂಡ ಬಹುಪಾಲು ಇಂಥ ಹೊಸಬವೇ.

ತಿಂದ ದಿನ ಏನೂ ಕಾಣುವುದಿಲ್ಲ. ಮರುದಿನವೋ ಅದರ ಮರುದಿನವೋ ಕುರಿ ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ. ಹಿಕ್ಕೆ ಒಣಗಿ ಕಪ್ಪಾಗುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಮೂತ್ರ ಗಾಢ ಹಳದಿ. ಈ ಹೊತ್ತಿನಲ್ಲಿ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ. ಒಳಪೊರೆ ತಿಳಿಗೆಂಪಾಗಿರಬೇಕು. ಬಿಳುಚಿಕೊಂಡಿದ್ದರೆ ಜಂತು ರಕ್ತ ಹೀರಿದೆಯೇ ಎಂದು ಯೋಚಿಸಿ. ಹಳದಿಯಾಗಿದ್ದರೆ ಪಿತ್ತಜನಕಾಂಗ ಕೆಟ್ಟಿದೆ. ಸಂಜೆಯ ಕೆಂಪು ಬೆಳಕಿನಲ್ಲಿ ಈ ಹಳದಿ ಗೊತ್ತಾಗುವುದಿಲ್ಲ, ಬೆಳಿಗ್ಗೆ ನೋಡಿ.

ಆಮೇಲೆ ಕಿವಿ ಊದುತ್ತದೆ. ಎರಡೂ ಕಿವಿ ಭಾರವಾಗಿ ಜೋತುಬೀಳುತ್ತವೆ, ರೆಪ್ಪೆ ಮತ್ತು ಮೂತಿ ದಪ್ಪಗಾಗುತ್ತವೆ. ಕುರಿ ತಲೆ ಕೊಡವುತ್ತಲೇ ಇರುತ್ತದೆ, ಮುಖವನ್ನು ಬೇಲಿಗೆ ಉಜ್ಜುತ್ತದೆ. ನಡುಮಧ್ಯಾಹ್ನ ಕುರಿಗಳು ತಲೆಗೆ ತಲೆ ಕೂಡಿಸಿ ನಿಲ್ಲುವುದು ಸಹಜ. ಎಳೆಬಿಸಿಲಿಗೇ ಹಿಂಡು ಬಿಟ್ಟು ನೆರಳು ಹುಡುಕುವ ಕುರಿ ಕಂಡರೆ ಹಿಡಿದು ನೋಡಿ. ಮುಖದಲ್ಲಿ ಕರಿ ಮಚ್ಚೆಯಿರುವ ಬಿಳಿ ಕುರಿಯಾದರೆ ಗುರುತು ಇನ್ನೂ ಸುಲಭ. ಬಿಳಿ ಚರ್ಮ ಕೆಂಪೇರಿ, ನೀರು ಸೋರಿ, ಹಕ್ಕಳೆಗಟ್ಟಿರುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ಕರಿ ಮಚ್ಚೆ ನುಣ್ಣಗೆ ಹಾಗೇ ಉಳಿದಿರುತ್ತದೆ. ಆ ಗೆರೆಯ ಮೇಲೆ ಬೆರಳಾಡಿಸಿದರೆ ಏರುತಗ್ಗು ಕೈಗೇ ಸಿಗುತ್ತದೆ. ಉಣ್ಣೆಯಡಿಯ ಬೆನ್ನಿಗೆ ಏನೂ ಆಗಿರುವುದಿಲ್ಲ.

ಕಾರಣ ಹೀಗಿದೆ. ಹಸಿರು ಮೇವಿನ ಪತ್ರಹರಿತ್ತು ಕುರಿಯ ದೊಡ್ಡ ಹೊಟ್ಟೆಯಲ್ಲಿ ಒಡೆದಾಗ ಫೈಲೋಎರಿಥ್ರಿನ್ ಎಂಬ ವಸ್ತು ಉಂಟಾಗುತ್ತದೆ. ಅದು ದಿನವೂ ಆಗುವಂಥದ್ದೇ, ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಲಂಟಾನದಲ್ಲಿರುವ ಲಂಟಾಡೀನ್ ಎಂಬ ವಿಷ ಪಿತ್ತದ ಆ ದಾರಿಯನ್ನೇ ಕಟ್ಟುತ್ತದೆ. ಆಗ ಫೈಲೋಎರಿಥ್ರಿನ್ ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ, ಅದಕ್ಕೆ ಬಿಸಿಲು ತಾಗಿದರೆ ಚರ್ಮ ಬೇಯುತ್ತದೆ. ಕಾಯಿಲೆ ಒಳಗೆ, ಕಾಣುವುದು ಮಾತ್ರ ಕಿವಿಯಲ್ಲಿ. ಇದು ತಿಳಿಯದೆ ಕಿವಿಗೆ ಸುಣ್ಣ, ಗಾಡಿಯ ಹಳೇ ಎಣ್ಣೆ ಬಳಿದು ಕುರಿಯನ್ನು ಮತ್ತೆ ಅದೇ ಬಿಸಿಲಿಗೆ ಅಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನೀಲಿನಾಲಿಗೆ ರೋಗದಲ್ಲೂ ಮುಖ ಊದುತ್ತದೆ, ಇದರಲ್ಲಿ ಎಡವುವವರು ಬಹಳ. ಅದರಲ್ಲಿ ಜೋರು ಜ್ವರ, ಬಾಯಲ್ಲಿ ಹುಣ್ಣು, ಜೊಲ್ಲು, ಕುಂಟು ಇರುತ್ತವೆ, ಚರ್ಮ ಕಪ್ಪೋ ಬಿಳುಪೋ ಎಂಬ ಭೇದವಿಲ್ಲ. ಸಂಶಯವಿದ್ದರೆ ಆ ಕುರಿಯನ್ನು ಬೇರೆ ಕಟ್ಟಿ ವೈದ್ಯರಿಗೆ ತೋರಿಸಿ.

ಲಂಟಾನವೇ ಎಂದು ಅನ್ನಿಸಿದರೆ ಮೊದಲ ಕೆಲಸ ನೆರಳು. ಮರದಡಿಯ ಚುಕ್ಕೆ ನೆರಳು ಸಾಲದು. ಕೊಟ್ಟಿಗೆಯೊಳಗೆ ಕಟ್ಟಿ, ಬಿಸಿಲು ಇಣುಕುವ ಕಡೆ ಗೋಣಿ ಇಳಿಬಿಡಿ. ಹಸಿರು ಮೇವು ಪೂರ್ತಿ ನಿಲ್ಲಿಸಿ. ಪಾಪ, ಕಾಯಿಲೆ ಕುರಿ ಎಂದು ಹಸಿ ಸೊಪ್ಪು ತಂದು ಹಾಕುವವರುಂಟು, ಅದರಿಂದ ಫೈಲೋಎರಿಥ್ರಿನ್ ಇನ್ನಷ್ಟು ಹುಟ್ಟುತ್ತದೆ. ಒಣಗಿದ ರಾಗಿ ಹುಲ್ಲು ಕೊಡಿ, ನೀರು ಸದಾ ಮುಂದಿರಲಿ. ಮಲಗಿದ ಕುರಿಯ ಬಾಯಿ ಬಿಡಿಸಿ ಎಣ್ಣೆ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಕುರಿ ಅದರಿಂದಲೇ ಸಾಯುತ್ತದೆ.

ಅದೇ ದಿನ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಅವಸರಕ್ಕೆ ಕಾರಣವಿದೆ. ವಿಷಕ್ಕೆ ಹೊಟ್ಟೆಯೇ ನಿಂತುಹೋಗಿರುತ್ತದೆ. ತಿಂದ ಎಲೆ ಅಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಿರುತ್ತದೆ. ಅದನ್ನು ಹೀರಿಕೊಳ್ಳಲು ವೈದ್ಯರು ಆಕ್ಟಿವೇಟೆಡ್ ಚಾರ್ಕೋಲ್ ಎಂಬ, ಔಷಧಿಗೆಂದೇ ಹದಮಾಡಿದ ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ನಳಿಕೆಯ ಮೂಲಕ ಹೊಟ್ಟೆಗೆ ಬಿಡುತ್ತಾರೆ. ಪ್ರಮಾಣ ಒಂದು ಕಿಲೋ ತೂಕಕ್ಕೆ 5 ಗ್ರಾಂ ಎಂದರೂ 30 ಕಿಲೋ ಕುರಿಗೆ 150 ಗ್ರಾಂ ಬೇಕು. ಅಷ್ಟು ಎಲ್ಲ ಕಡೆ ದಾಸ್ತಾನಿರುವುದಿಲ್ಲ, ಫೋನಿನಲ್ಲೇ ಕೇಳಿಬಿಡಿ. ಒಲೆಯ ಇದ್ದಿಲು ಕುಟ್ಟಿ ಕುಡಿಸಿದರೆ ಆ ಕೆಲಸ ಆಗದು. ಕುರಿ ಪೂರ್ತಿ ಚೇತರಿಸಿಕೊಳ್ಳುವವರೆಗೆ ವೈದ್ಯರನ್ನು ಕೇಳದೆ ಜಂತಿನ ಔಷಧಿ ಕೊಡಬೇಡಿ, ಉಣ್ಣೆಯನ್ನೂ ಕತ್ತರಿಸಬೇಡಿ. ಬರಿಮೈಯಾದರೆ ಬೆನ್ನೂ ಸುಡುತ್ತದೆ.

ಮುಲಾಮಿನ ಸರದಿ ಈಗ. ಹಕ್ಕಳೆ ಕೀಳಬೇಡಿ. ನೊಣ ಕೂತು ಹುಳ ಬೀಳದಂತೆ ಗಾಯದ ಸುತ್ತ ಬೇವಿನೆಣ್ಣೆ ಹಚ್ಚಿ, ಕಣ್ಣಿಗೆ ತಾಗಿಸಬೇಡಿ. ಕಿವಿಯ ತುದಿ ಒಣಗಿ ಉದುರಬಹುದು, ಅದಕ್ಕೆ ಗಾಬರಿ ಬೇಡ. ಮೇವಿಗೆ ಬಾಯಿ ಹಾಕಿ ಮೆಲುಕಾಡಿತೇ ಎಂಬುದನ್ನು ನೋಡಿ. ವಾರ ಕಳೆದರೂ ಕಣ್ಣಿನ ಹಳದಿ ಇಳಿಯದಿದ್ದರೆ ಆಸೆ ಕಡಿಮೆ.

ಇದು ಲಂಟಾನವೊಂದರ ಕಥೆಯಲ್ಲ. ನಮ್ಮ ಬದುಗಳಲ್ಲಿ ಹಬ್ಬುವ ನೆಗ್ಗಿಲು ಮುಳ್ಳಿನ ಬಳ್ಳಿಯೇ ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಕುರಿಗಳ ಮುಖವನ್ನು ಹೀಗೆಯೇ ಊದಿಸುತ್ತದೆ. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿನ ಒಣ ಕಸದಲ್ಲಿ ಬೆಳೆಯುವ ಒಂದು ಬೂಷ್ಟು ಇದೇ ಕೆಲಸ ಮಾಡುತ್ತದೆ. ಗಿಡ ಯಾವುದೇ ಇರಲಿ, ನೆರಳು ಮತ್ತು ಒಣ ಮೇವಿನ ಉಪಚಾರ ಒಂದೇ.

ಹೊಸ ಕುರಿ ತಂದರೆ ಮೊದಲ ಕೆಲವು ದಿನ ಹೊಟ್ಟೆತುಂಬ ಒಣಹುಲ್ಲು ತಿನ್ನಿಸಿಯೇ ಮೇಯಲು ಬಿಡಿ, ಹಳೆಯ ಕುರಿಗಳ ಜೊತೆಯಲ್ಲೇ ಬಿಡಿ. ನೀರಿಗೆ ಹೋಗುವ ದಾರಿಯ ಲಂಟಾನವನ್ನಾದರೂ ತೆಗೆಯಿರಿ. ಮೇಲೆ ಮೇಲೆ ಸವರಿದರೆ ಎರಡರಷ್ಟು ಚಿಗುರುತ್ತದೆ, ನೆಲದಡಿಯ ಬೇರಿನ ಬುಡಕ್ಕೇ ಗುದ್ದಲಿ ಬೀಳಬೇಕು. ಒಣಗಿದ ಎಲೆಯಲ್ಲೂ ವಿಷ ಉಳಿಯುವುದರಿಂದ ಕಡಿದ ರಾಶಿಯನ್ನು ರೊಪ್ಪದ ಬೇಲಿಗೆ ಬಳಸದೆ ದೂರ ಸಾಗಿಸಿ.