ತೋಳ, ಗಿಡುಗಗಳ ಫೋಟೊ: ಉದ್ದ ಲೆನ್ಸಿಗೆ ಗಟ್ಟಿ ಆಸರೆ ಆರಿಸುವುದು ಹೇಗೆ?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನ ಹೊಲಗಳಲ್ಲಿ, ಗದುಗಿನ ಕಪ್ಪತಗುಡ್ಡದ ಬುಡದಲ್ಲಿ, ಮಾಗಡಿ ಕೆರೆಯ ಏರಿಯ ಮೇಲೆ ಚಳಿಗಾಲ ಬಂತೆಂದರೆ ಉದ್ದ ಲೆನ್ಸ್ ಹೆಗಲಿಗೇರಿಸಿದವರು ಕಾಣಸಿಗುತ್ತಾರೆ. ಹಿಂದೆ ಇಂಥ ಬಯಲುಗಳಲ್ಲಿ ಜನ ಆಸರೆ ಹುಡುಕುತ್ತಿದ್ದದ್ದು ಬಂದೂಕಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು, ತೋಳಕ್ಕೆ ಆ ಕಾಯ್ದೆಯ ಮೊದಲನೇ ಅನುಸೂಚಿಯ (ಶೆಡ್ಯೂಲ್ 1) ರಕ್ಷಣೆ ಇದೆ. ಹಾಗಾಗಿ ಇವತ್ತು ಗುರಿ ಇಡುವುದು ಕ್ಯಾಮೆರಾ ಮಾತ್ರ. ಆದರೆ ಕಷ್ಟ ಬದಲಾಗಿಲ್ಲ: ಪ್ರಾಣಿ ದೂರದಲ್ಲಿರುತ್ತದೆ, ಎಚ್ಚರದಿಂದಿರುತ್ತದೆ, ಕಾಣುವುದು ಕೆಲವೇ ಕ್ಷಣ, ಆ ಹೊತ್ತಿಗೇ ಕೈ ನಡುಗುತ್ತದೆ.

ಆ ನಡುಕ ಎಷ್ಟು ಕೆಡಿಸುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ. ಮೂವತ್ತು ಸೆಂಟಿಮೀಟರ್ ಉದ್ದದ ಲೆನ್ಸಿನ ಮುಂತುದಿ 0.1 ಮಿಲಿಮೀಟರ್ ಸರಿದರೆ, 100 ಮೀಟರ್ ಆಚೆ ನಿಂತ ತೋಳದ ಮೇಲೆ ಗುರಿ ಮೂರು ಸೆಂಟಿಮೀಟರಿಗೂ ಹೆಚ್ಚು ಜಾರುತ್ತದೆ. ಕಣ್ಣಿಗೆ ಇಟ್ಟ ಫೋಕಸ್ ಕಿವಿಯ ಹತ್ತಿರ ಹೋಗಿರುತ್ತದೆ. ಸಣ್ಣ ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಕ್ಯಾಮೆರಾಕ್ಕೆ 600 ಎಂಎಂ ಲೆನ್ಸ್ ಹಾಕಿದರೆ ಅಷ್ಟು ದೂರದಲ್ಲಿ ಅಡ್ಡಕ್ಕೆ ಕಾಣುವ ಜಾಗವೇ ನಾಲ್ಕು ಮೀಟರಿಗಿಂತ ಕಡಿಮೆ. ಇಷ್ಟು ಚಿಕ್ಕ ಕಿಂಡಿಯಲ್ಲಿ ಪ್ರಾಣಿಯನ್ನು ಹಿಡಿದಿಡಬೇಕಾದರೆ ಆಸರೆ ಬೇಕೇ ಬೇಕು. ಯಾವ ಆಸರೆ ಎಂಬುದೇ ಪ್ರಶ್ನೆ.

ಮೊದಲು ಜಾಗ ನೋಡಿ, ಅಂಗಡಿ ಆಮೇಲೆ

ಹೆಚ್ಚಿನವರು ಮೊದಲು ಟ್ರೈಪಾಡ್ ಕೊಳ್ಳುತ್ತಾರೆ, ಅದನ್ನು ಎಲ್ಲಿ ಊರಬೇಕು ಎಂದು ಆಮೇಲೆ ಯೋಚಿಸುತ್ತಾರೆ. ಇದನ್ನು ತಿರುಗಿಸಿ ಮಾಡಿ. ಪ್ರಾಣಿ ಬರುವ ಹೊತ್ತಿಗೆ ನಿಮ್ಮ ಮೈ ಹೇಗಿರುತ್ತದೆ? ಕಾರಿನೊಳಗೆ ಕೂತಿರುತ್ತೀರಾ, ಬದುವಿನ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿರುತ್ತೀರಾ, ಕೆರೆ ಏರಿಯ ಮೇಲೆ ನಡೆಯುತ್ತಿರುತ್ತೀರಾ? ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ನಮ್ಮ ಭಾಗದ ಬಯಲು ನೆಲದ ಸ್ವಭಾವವೂ ಇದರಲ್ಲಿ ಸೇರಿದೆ. ಕಡಲೆ, ಕುಸುಬಿ, ಬಿಳಿಜೋಳದ ಹೊಲಗಳ ನಡುವೆ ಮರೆಯೇ ಕಡಿಮೆ. ನಿಂತ ಮನುಷ್ಯ ಬಲು ದೂರಕ್ಕೆ ಕಾಣುತ್ತಾನೆ, ತೋಳ ನಮ್ಮನ್ನು ನೋಡಿ ಎಷ್ಟೋ ಹೊತ್ತಾದ ಮೇಲೆ ಅದು ನಮಗೆ ಕಾಣುತ್ತದೆ. ಹೀಗಾಗಿ ಆಳೆತ್ತರದ ಟ್ರೈಪಾಡ್ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಕೂತು, ಮಲಗಿ ಅಥವಾ ವಾಹನದಿಂದ ತೆಗೆಯುವ ಫೋಟೊಗಳೇ ಹೆಚ್ಚು. ಮಲಗಿ ತೆಗೆದರೆ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಲೆನ್ಸ್ ಬರುತ್ತದೆ, ಹಿಂದಿನ ಹೊಲ ಮಸುಕಾಗಿ ಚಿತ್ರವೂ ಚೆಂದ ಬರುತ್ತದೆ.

ಕಾಳಿನ ಚೀಲದಿಂದಲೇ ಶುರು ಮಾಡಿ

ಎಲ್ಲಕ್ಕಿಂತ ಮೊದಲು ನಿಮ್ಮ ಹತ್ತಿರ ಇರಬೇಕಾದದ್ದು ಕಾಳು ತುಂಬಿದ ಬಟ್ಟೆಯ ಚೀಲ, ಫೋಟೊಗ್ರಾಫರುಗಳು ಬೀನ್ ಬ್ಯಾಗ್ ಎನ್ನುವುದು ಇದನ್ನೇ. ಸಾವಿರಾರು ರೂಪಾಯಿಯ ಟ್ರೈಪಾಡ್ ಇದ್ದವರೂ ಇದನ್ನು ಬಿಡುವುದಿಲ್ಲ. ಕಾರಣ ಇದೆ. ಟ್ರೈಪಾಡಿನಲ್ಲಿ ಲೆನ್ಸಿನ ಇಡೀ ಭಾರ ಒಂದು ಸ್ಕ್ರೂ, ಒಂದು ಪ್ಲೇಟಿನ ಮೇಲೆ ನಿಲ್ಲುತ್ತದೆ. ಚೀಲದ ಮೇಲೆ ಲೆನ್ಸಿನ ಹೊಟ್ಟೆ ಉದ್ದಕ್ಕೂ ಊರಿಕೊಳ್ಳುತ್ತದೆ, ಅಲುಗಾಟವನ್ನು ಕಾಳು ನುಂಗುತ್ತದೆ.

ಇದನ್ನು ಕೊಳ್ಳಬೇಕಾಗಿಯೂ ಇಲ್ಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಸಾಕು. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತ, ಧಾರವಾಡದ ಸುಭಾಸ ರೋಡಿನ ಕಡೆ ಕ್ಯಾನ್‌ವಾಸ್ ಬಟ್ಟೆ ಕೇಳಿ ತಂದರೆ ಇನ್ನೂ ಗಟ್ಟಿ. ಟೇಲರಿಗೆ ಹೇಳುವಾಗ ಸ್ಪಷ್ಟವಾಗಿ ಹೇಳಿ: "ಮೂವತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಅಗಲ ಇರ್ಲಿ. ಹೊಲಿಗಿ ಎರಡು ಸಾಲು ಹಾಕ್ರಿ. ಒಳಗ ಇನ್ನೊಂದು ತೆಳು ಅರಿವಿ ಚೀಲ ಬೇಕು, ಅದಕ್ಕ ಜಿಪ್ ಇರ್ಲಿ." ಒಳಚೀಲ ಬೇರೆ ಇದ್ದರೆ ಹೊರಚೀಲವನ್ನು ಒಗೆಯಬಹುದು, ಹೊಲಿಗೆ ಬಿಟ್ಟರೂ ಕಾಳು ಲೆನ್ಸಿನ ಮೇಲೆ ಸುರಿಯುವುದಿಲ್ಲ. ಹಿಡಿಯಲು ಒಂದು ಪಟ್ಟಿಯನ್ನೂ ಹೊಲಿಸಿ.

ತುಂಬುವುದು ಏನನ್ನು? ನನ್ನ ಮಟ್ಟಿಗೆ ಬಿಳಿಜೋಳಕ್ಕೆ ಸಮನಾದದ್ದಿಲ್ಲ. ಕಾಳು ದುಂಡಗೆ, ಗಟ್ಟಿಯಾಗಿ ಇರುತ್ತದೆ. ಲೆನ್ಸ್ ಇಟ್ಟಾಗ ಸರಿದು ಜಾಗ ಕೊಡುತ್ತದೆ, ಒತ್ತಿದ ಮೇಲೆ ಹಾಗೇ ಬಿಗಿದು ನಿಲ್ಲುತ್ತದೆ. ಸಜ್ಜೆಯೂ ಒಳ್ಳೆಯದೇ, ಕಾಳು ಸಣ್ಣದಾದ್ದರಿಂದ ಇನ್ನೂ ನಯವಾಗಿ ಕೂಡುತ್ತದೆ. ಕುಸುಬಿ ಬೇಡ, ಒಡೆದರೆ ಎಣ್ಣೆ ಜಿನುಗಿ ಬಟ್ಟೆಗೆ ಹತ್ತುತ್ತದೆ. ಮರಳಂತೂ ಬೇಡವೇ ಬೇಡ: ಹೊರಲಾರದಷ್ಟು ಭಾರ, ಸಣ್ಣ ಪುಡಿ ಬಟ್ಟೆಯಿಂದ ಜಾರಿ ಲೆನ್ಸಿನ ಜೂಮ್ ಉಂಗುರದೊಳಗೆ ಸೇರಿತೆಂದರೆ ರಿಪೇರಿಗೆ ದಾರಿ. ಥರ್ಮಾಕೋಲ್ ಗುಂಡುಗಳು ಹಗುರ ನಿಜ, ಆದರೆ ಭಾರ ಬಿದ್ದಾಗ ಅದುಮಿ ಮತ್ತೆ ಉಬ್ಬುತ್ತವೆ, ಕಿರಕಿರ ಸದ್ದೂ ಮಾಡುತ್ತವೆ. ಎರಡು ಕೆ.ಜಿ. ತೂಗುವ ಲೆನ್ಸಿಗೆ ಅದು ಆಸರೆ ಅಲ್ಲ.

ಪೂರ್ತಿ ತುಂಬಬೇಡಿ. ಮೂರರಲ್ಲಿ ಎರಡು ಪಾಲು ತುಂಬಿ ಮುಷ್ಟಿಯಿಂದ ನಡುವೆ ಗುದ್ದಿ ನೋಡಿ. ಗುದ್ದಿದ ಕುಳಿ ಹಾಗೇ ಉಳಿದರೆ ಹದ ಸರಿಯಾಗಿದೆ. ಕುಳಿ ಬೀಳದೆ ಚೀಲ ಗಟ್ಟಿಯಾಗಿ ಕೂತರೆ ಲೆನ್ಸ್ ಅದರ ಮೇಲೆ ಉರುಳುತ್ತದೆ, ಒಂದೆರಡು ಹಿಡಿ ಕಾಳು ತೆಗೆಯಿರಿ. ಈ ಅಳತೆಯ ಚೀಲಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಜೋಳ ಹಿಡಿಯುತ್ತದೆ. ಬಸ್ಸಿನಲ್ಲಿ ಹೋಗುವವರು ಖಾಲಿ ಚೀಲ ಮಡಚಿಟ್ಟುಕೊಂಡು, ಇಳಿದ ಊರಿನ ಕಿರಾಣಿ ಅಂಗಡಿಯಲ್ಲಿ ಜೋಳ ತುಂಬಿಸಿಕೊಳ್ಳಬಹುದು.

ಕಾರಿನಿಂದ ತೆಗೆಯುವವರು ಇದರ ಜೋಡಿಚೀಲ ಹೊಲಿಸಲಿ. ಎರಡು ಚೀಲಗಳನ್ನು ನಡುವೆ ಒಂದು ಅಗಲ ಪಟ್ಟಿಯಿಂದ ಸೇರಿಸಿ, ಒಂದು ಬಾಗಿಲಿನ ಹೊರಗೆ ಒಂದು ಒಳಗೆ ಜೋತುಬೀಳುವಂತೆ ಕಿಟಕಿಯ ಅಂಚಿನ ಮೇಲೆ ಹಾಕುವುದು. ಗಾಜನ್ನು ಪೂರ್ತಿ ಇಳಿಸಿರಬೇಕು, ಗಾಜಿನ ಅಂಚಿನ ಮೇಲೆ ಭಾರ ಬೀಳಬಾರದು. ಎಂಜಿನ್ ಬಂದ್ ಮಾಡಿ. ಚಾಲೂ ಇದ್ದ ಎಂಜಿನ್ನಿನ ಕಂಪನ ಬಾಗಿಲಿಗೆ, ಬಾಗಿಲಿನಿಂದ ಲೆನ್ಸಿಗೆ ಹತ್ತುತ್ತದೆ. ಜೊತೆಗಿದ್ದವರು ಸೀಟಿನಲ್ಲಿ ಹೊರಳಾಡಿದರೂ ಅಷ್ಟೇ, ಅವರಿಗೆ ಮೊದಲೇ ಹೇಳಿಡಿ.

ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಅಗ್ಗದ ಉಪಾಯ: ಅಂಚು ಎತ್ತರವಿರುವ ಹಳೆಯ ಅಲ್ಯೂಮಿನಿಯಂ ತಾಟಿನ ನಡುವೆ ತೂತು ಹಾಕಿಸಿ, ಬೋಲ್ಟಿನಿಂದ ಟ್ರೈಪಾಡಿನ ತಲೆಯನ್ನು, ಅಂದರೆ ಕ್ಯಾಮೆರಾ ಕೂರುವ ಮೇಲಿನ ಭಾಗವನ್ನು, ಅದಕ್ಕೇ ಕೂಡಿಸುವುದು. ಗ್ಯಾರೇಜಿನಲ್ಲಿ ಮಾಡಿಕೊಡುತ್ತಾರೆ. ಮಲಗಿ ಮುಂದೆ ಸರಿಯುತ್ತ ತಾಟನ್ನು ದೂಡಿಕೊಂಡು ಹೋಗಬಹುದು, ಮಣ್ಣು, ಮುಳ್ಳು ಲೆನ್ಸಿಗೆ ತಾಗುವುದಿಲ್ಲ.

ಟ್ರೈಪಾಡ್ ಕೊಳ್ಳುವುದಾದರೆ

ಮರೆ ಕಟ್ಟಿಕೊಂಡು ಒಂದೇ ಕಡೆ ತಾಸುಗಟ್ಟಲೆ ಕಾಯುವವರಿಗೆ, ಹಾರುವ ಹಕ್ಕಿಯನ್ನು ಹಿಂಬಾಲಿಸುವವರಿಗೆ ಟ್ರೈಪಾಡ್ ಬೇಕು. ಮಾಗಡಿ ಕೆರೆ ಇದಕ್ಕೆ ಒಳ್ಳೆಯ ಜಾಗ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಜನ ಬರುತ್ತಾರೆ. ಬಾತುಗಳ ಹಿಂಡು ಒಮ್ಮೆಲೇ ಗಾಬರಿಯಾಗಿ ಎದ್ದರೆ ಆಕಾಶದ ಕಡೆ ನೋಡಿ. ಜೊಂಡಿನ ಮೇಲೆ ತಗ್ಗಿನಲ್ಲಿ ತೇಲಿ ಬರುವ ಜೌಗು ಸೆಳೆವ ಎಂಬ ಗಿಡುಗ ಅಲ್ಲಿರಬಹುದು.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಕಾಲುಗಳ ದಪ್ಪ. ಮೇಲಿನ ಕೊಳವೆ 28 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಉದ್ದ ಲೆನ್ಸಿಗೆ ಬೇಡ. ಮೂರು ಮಡಿಕೆಯ ಕಾಲು ನಾಲ್ಕು ಮಡಿಕೆಯದಕ್ಕಿಂತ ಗಟ್ಟಿ, ಏಕೆಂದರೆ ಕೊನೆಯ ಕೊಳವೆ ಅಷ್ಟು ಸಣ್ಣದಾಗುವುದಿಲ್ಲ. ಡಬ್ಬಿಯ ಮೇಲೆ ಬರೆದ ಭಾರದ ಮಿತಿಯನ್ನು ಹಾಗೇ ನಂಬಬೇಡಿ. ನಿಮ್ಮ ಕ್ಯಾಮೆರಾ, ಲೆನ್ಸ್ ಸೇರಿ ಮೂರು ಕೆ.ಜಿ. ಆದರೆ ಒಂಬತ್ತು ಕೆ.ಜಿ. ಹೊರುತ್ತದೆ ಎಂದು ಹೇಳುವ ಟ್ರೈಪಾಡ್ ಆರಿಸಿ. ನಡುವಿನ ಏರುವ ಕಂಬ ಇಲ್ಲದ್ದು ಸಿಕ್ಕರೆ ಅದನ್ನೇ ಕೊಳ್ಳಿ, ಕಂಬ ಏರಿಸಿದಷ್ಟೂ ಅಲುಗಾಟ ಹೆಚ್ಚು. ಕಾಲುಗಳು ಅಗಲಕ್ಕೆ ಚಾಚಿ ನೆಲಮಟ್ಟಕ್ಕೆ ಇಳಿಯುತ್ತವೆಯೇ ಎಂಬುದನ್ನೂ ನೋಡಿ. ಕಾರ್ಬನ್ ಫೈಬರ್ ಹಗುರ, ಕಂಪನ ಬೇಗ ಅಡಗುತ್ತದೆ. ದುಡ್ಡು ಸಾಲದಿದ್ದರೆ ದಪ್ಪ ಕಾಲಿನ ಅಲ್ಯೂಮಿನಿಯಂ ತೆಗೆದುಕೊಳ್ಳಿ, ತೆಳ್ಳನೆಯ ಕಾರ್ಬನ್‌ಗಿಂತ ಅದು ಮೇಲು.

ಮೇಲಿನ ತಲೆಯೂ ಅಷ್ಟೇ ಮುಖ್ಯ. ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಬಾಲ್ ಹೆಡ್‌ ಸಡಿಲಿಸಿದ ಕೂಡಲೇ ಭಾರದ ಲೆನ್ಸ್ ಮುಗ್ಗರಿಸುತ್ತದೆ, ಬೆರಳು ಸಿಕ್ಕಿಕೊಂಡರೆ ಗಾಯ. ಲೆನ್ಸನ್ನು ತೊಟ್ಟಿಲಿನಂತೆ ತೂಗಿ ಹಿಡಿಯುವ ಗಿಂಬಲ್ ಹೆಡ್ ಉದ್ದ ಲೆನ್ಸಿಗಾಗಿಯೇ ಇರುವಂಥದ್ದು. ಲೆನ್ಸಿನ ಪಾದವನ್ನು (ತಲೆಗೆ ಕೂಡಿಸುವ ಕೆಳಗಿನ ಪಟ್ಟಿಯನ್ನು) ಹಿಂದೆ ಮುಂದೆ ಸರಿಸಿ ತೂಕ ಹೊಂದಿಸಿದರೆ, ಕೈ ಬಿಟ್ಟಾಗ ಲೆನ್ಸ್ ಬಿಟ್ಟಲ್ಲೇ ನಿಲ್ಲುತ್ತದೆ. ನಿಂತಿತೆಂದರೆ ಹೊಂದಿಕೆ ಸರಿಯಾಗಿದೆ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಇದ್ದರೆ, ನೀವು ಹೆಚ್ಚಾಗಿ ಬಳಸುವ ಉದ್ದದಲ್ಲೇ ತೂಕ ಹೊಂದಿಸಿ.

ಎರಿ ಭೂಮಿಯ ಮೇಲೆ ಊರುವಾಗ ಒಂದು ಎಚ್ಚರಿಕೆ. ಒಣಗಿದಾಗ ನೆಲ ಬಿರಿದಿರುತ್ತದೆ, ಕಾಲು ಬಿರುಕಿಗೆ ಇಳಿದರೆ ಇಡೀ ಟ್ರೈಪಾಡ್ ವಾಲುತ್ತದೆ. ಹಸಿ ಇದ್ದರೆ ನೋಡುನೋಡುತ್ತಲೇ ಹೂಳುತ್ತದೆ. ಮೂರು ಚಪ್ಪಟೆ ಕಲ್ಲು ಹುಡುಕಿ ಕಾಲಿನ ಕೆಳಗಿಡಿ. ಇಳಿಜಾರಿನಲ್ಲಿ ಎರಡು ಕಾಲು ಕೆಳಗಡೆಗೆ ಬರಲಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ, ಅಲ್ಲಿನ ಗಾಳಿ ಅಂಥದ್ದು. ಟ್ರೈಪಾಡಿನ ಕೊಕ್ಕೆಗೆ ಬ್ಯಾಗ್ ತೂಗುಹಾಕಿ, ಆದರೆ ಅದು ನೆಲಕ್ಕೆ ತಾಗುವಂತಿರಲಿ, ಇಲ್ಲದಿದ್ದರೆ ಗಾಳಿಗೆ ತೂಗಿ ಟ್ರೈಪಾಡನ್ನೂ ಅಲುಗಿಸುತ್ತದೆ.

ಒಂಟಿಗಾಲಿನ ಮಾನೋಪಾಡ್ ನಡೆದಾಡುವವರಿಗೆ. ಕುರಿಗಾಹಿ ತನ್ನ ಕೋಲಿಗೆ ಒರಗಿ ನಿಲ್ಲುವ ಹಾಗೆ ಕೋಲನ್ನು ಸ್ವಲ್ಪ ಮುಂದಕ್ಕೆ ಊರಿ, ಮೈಭಾರ ಅದರ ಮೇಲೆ ಒರಗಿಸಬೇಕು. ಬೆಳಕು ಚೆನ್ನಾಗಿದ್ದಾಗ ಸಾಕಾಗುತ್ತದೆ, ನಸುಕಿನಲ್ಲಿ ಸಾಲದು.

ಮನೆಯ ಹಿತ್ತಲಲ್ಲೇ ಪರೀಕ್ಷೆ

ಯಾವ ಆಸರೆ ತಂದರೂ ಹೊಲಕ್ಕೆ ಒಯ್ಯುವ ಮೊದಲು ಪರೀಕ್ಷಿಸಿ. ಇಪ್ಪತ್ತು ಮೀಟರ್ ದೂರದ ಗೋಡೆಗೆ ದಿನಪತ್ರಿಕೆಯ ಹಾಳೆಯನ್ನು ಬಿಗಿಯಾಗಿ ಅಂಟಿಸಿ. ಲೆನ್ಸನ್ನು ಪೂರ್ತಿ ಜೂಮಿಗೆ ತಂದು 1/1000, 1/500, 1/250, 1/125 ಸೆಕೆಂಡಿನ ಶಟರ್ ವೇಗಗಳಲ್ಲಿ ಹತ್ತತ್ತು ಫೋಟೊ ತೆಗೆಯಿರಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅಕ್ಷರದ ಅಂಚು ನೋಡಿ. ಹತ್ತರಲ್ಲಿ ಎಂಟು ಚೊಕ್ಕವಾಗಿ ಬರುವ ಕೊನೆಯ ವೇಗ ಯಾವುದೋ, ಆ ಆಸರೆಯ ಮೇಲೆ ಅದೇ ನಿಮ್ಮ ಮಿತಿ. ಇದು ನಿಂತ ಪ್ರಾಣಿಗೆ. ನಡೆಯುವ ತೋಳಕ್ಕೆ 1/1000, ಹಾರುವ ಗಿಡುಗಕ್ಕೆ 1/2000ರ ಸುತ್ತಮುತ್ತ ಬೇಕಾಗುತ್ತದೆ, ಎಂಥ ಆಸರೆಯೂ ಪ್ರಾಣಿಯ ಚಲನೆಯನ್ನು ನಿಲ್ಲಿಸಲಾರದು.

ಹಿಡಿಯುವ ಕ್ರಮವನ್ನೂ ಇಲ್ಲೇ ರೂಢಿಸಿಕೊಳ್ಳಿ. ಎಡಗೈ ಲೆನ್ಸಿನ ಕೆಳಗಲ್ಲ, ಮೇಲೆ. ಪಾದ ಇರುವ ಜಾಗದ ನೇರಕ್ಕೆ ಅಂಗೈ ಇಟ್ಟು ಮೆಲ್ಲಗೆ ಅದುಮಿ. ಹುಬ್ಬು ಕ್ಯಾಮೆರಾಕ್ಕೆ ಒತ್ತಿರಲಿ. ಉಸಿರನ್ನು ಅರ್ಧ ಬಿಟ್ಟು, ಬೆರಳನ್ನು ಗುಂಡಿಯ ಮೇಲೆ ಉರುಳಿಸಿ ಮೂರ್ನಾಲ್ಕು ಫೋಟೊ ಒಮ್ಮೆಗೇ ತೆಗೆಯಿರಿ. ಮೊದಲಿನದಕ್ಕಿಂತ ನಡುವಿನವು ಚೊಕ್ಕವಾಗಿರುವುದನ್ನು ನೀವೇ ಕಾಣುತ್ತೀರಿ. ಲೆನ್ಸಿನ ಕಂಪನ ತಡೆಯುವ ಸೌಲಭ್ಯವನ್ನು ಚೀಲದ ಮೇಲೆ ಚಾಲೂ ಇಡಬಹುದು. ಬಿಗಿದ ಟ್ರೈಪಾಡಿನ ಮೇಲೆ ಹಳೆಯ ಲೆನ್ಸುಗಳಲ್ಲಿ ಅದನ್ನು ಬಂದ್ ಮಾಡುವುದೇ ಒಳ್ಳೆಯದು.

ಹೊಲಕ್ಕೆ ಇಳಿದಾಗ

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಎರಿ ಹೊಲದ ಮೇಲೆ ಬಿಸಿಗಾಳಿ ನಲಿದಾಡಲು ಶುರುವಾಗುತ್ತದೆ. ಆಗ ದೂರದ ಫೋಟೊ ನೀರಿನೊಳಗೆ ನೋಡಿದಂತೆ ಕದಡಿ ಬರುತ್ತದೆ. ಜನ ಇದನ್ನು ಕೈನಡುಕ ಎಂದುಕೊಂಡು ಹೊಸ ಟ್ರೈಪಾಡ್ ಕೊಳ್ಳಲು ಹೊರಡುತ್ತಾರೆ. ಗುರುತು ಹೀಗೆ: ಕೈ ನಡುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ, ಬಿಸಿಗಾಳಿಯಾದರೆ ಅಂಚುಗಳು ಅಲ್ಲಲ್ಲಿ ಸೊಟ್ಟಾಗಿರುತ್ತವೆ. ಎರಡನೆಯದಕ್ಕೆ ಆಸರೆಯಲ್ಲಿ ಮದ್ದಿಲ್ಲ. ಹತ್ತಿರದ ಪ್ರಾಣಿಗೆ ಕಾಯಿರಿ, ಇಲ್ಲವೇ ಮರುದಿನ ಸೂರ್ಯ ಹುಟ್ಟುವ ಮುಂಚೆಯೇ ಹೋಗಿ ಕೂಡಿ.

119 ಚದರ ಕಿಲೋಮೀಟರಿನ ರಾಣೆಬೆನ್ನೂರು ಅಭಯಾರಣ್ಯವಾಗಲಿ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವಾಗಲಿ, ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಲವಾದರೆ ಹೊಲದವರನ್ನು ಕೇಳಿ, ಬೆಳೆ ತುಳಿಯಬೇಡಿ. ತೋಳದ ಗವಿಯ ಹತ್ತಿರ ಎಷ್ಟೇ ಗಟ್ಟಿ ಆಸರೆ ಇದ್ದರೂ ಕೂಡಬೇಡಿ. ಮರಿಗಳಿದ್ದಾಗ ಮನುಷ್ಯರ ಸುಳಿವು ಸಿಕ್ಕರೆ ತಾಯಿ ಅವುಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ, ಆ ಓಡಾಟದಲ್ಲಿ ಮರಿ ಸಾಯಬಹುದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಮಾಂಸ ಎಸೆದು ಕಾಯುವುದು ಎರಡೂ ಬೇಡ. ಕೈ ಪಳಗುವವರೆಗೆ ಬಂಕಾಪುರ ಕೋಟೆಯ ನವಿಲುಗಳ ಮೇಲೆ ಅಭ್ಯಾಸ ಮಾಡಿ.

ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ, ಒಣಗಿದ ಮೇಲೇ ಮಡಚಿ. ಎರಿಮಣ್ಣು ಕೀಲಿಗೆ ಹತ್ತಿ ಒಣಗಿದರೆ ಮುಂದಿನ ಸಲ ಕಾಲು ಇಳಿಯುವುದಿಲ್ಲ. ಜೋಳದ ಚೀಲ ನೆನೆದಿದ್ದರೆ ಕಾಳನ್ನು ಅಂದೇ ಬಿಸಿಲಿಗೆ ಹರವಿ, ಇಲ್ಲದಿದ್ದರೆ ಒಳಗೇ ಮೊಳಕೆ ಬರುತ್ತದೆ. ನುಸಿ ಹತ್ತದಂತೆ ಒಣಗಿದ ಬೇವಿನ ಎಲೆ ಒಂದು ಹಿಡಿ ಹಾಕಿಡಿ, ವರ್ಷಕ್ಕೊಮ್ಮೆ ಹೊಸ ಜೋಳ ಬಂದಾಗ ಕಾಳು ಬದಲಿಸಿ.