ಮೂರು ಸಲ ಆಡಿದ ಮೇಲೆ ಬರೆದ ವಿಮರ್ಶೆ

"ಎಂತ ಭಾವ, ಇದರ ಆರು ಓದುತ್ತವು?" (ಇದನ್ನು ಯಾರು ಓದುತ್ತಾರೆ?) ಅಂತ ಕೇಳಿದ್ದು ನನ್ನ ತಂಗಿಯ ಗಂಡ. ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಒಂದು ರೋಲ್‌ಪ್ಲೇಯಿಂಗ್ ಗೇಮ್ ಪುಸ್ತಕದ ವಿಮರ್ಶೆ ಬರೆಯುತ್ತಿದ್ದೆ, ಕನ್ನಡದಲ್ಲಿ. ಪುಸ್ತಕ ಇಂಗ್ಲಿಷಿನದ್ದು, ಆಡುವವರೆಲ್ಲ ಬೆಂಗಳೂರಲ್ಲಿ, ಇವನು ಕಾಸರಗೋಡಲ್ಲಿ ಕೂತು ಯಾರಿಗೆ ಬರೆಯುತ್ತಾನೆ ಅಂತ ಅವನ ಲೆಕ್ಕ. ಕಳೆದ ತಿಂಗಳು ಅದೇ ಭಾವ ನನ್ನ ವಿಮರ್ಶೆ ಓದಿ ಒಂದು ಪುಸ್ತಕ ತರಿಸುವುದನ್ನು ಬಿಟ್ಟ. ಎರಡೂವರೆ ಸಾವಿರ ಉಳಿಯಿತು ಅಂತ ಅವನೇ ಹೇಳಿದ. ಆದ್ದರಿಂದ ಇದನ್ನು ಸ್ವಲ್ಪ ಜಂಬದಲ್ಲೇ ಬರೆಯುತ್ತಿದ್ದೇನೆ.

ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಹಾಕಿ ಕಥೆ ನಡೆಸುವ ಆಟ. ನಿಯಮವೆಲ್ಲ ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಹೆಚ್ಚಿನ ವಿವರಕ್ಕೆ ನಾನು ಹೋಗುವುದಿಲ್ಲ.

ನನ್ನ ಮೊದಲ ವಿಮರ್ಶೆ ಹನ್ನೊಂದು ಪುಟ ಇತ್ತು. ಅದರಲ್ಲಿ ಎರಡು ಪುಟ ಬರೀ ಇತಿಹಾಸ: 1974, ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್, ಅವರಿಬ್ಬರ ಕೈಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಬಗೆಯ ಮೊದಲ ಆಟ ಹುಟ್ಟಿದ ಕಥೆ. ಆಮೇಲೆ ಅಧ್ಯಾಯ ಒಂದರಲ್ಲಿ ಇದು, ಎರಡರಲ್ಲಿ ಅದು ಅಂತ ಪರಿವಿಡಿಯನ್ನೇ ಉದ್ದ ಮಾಡಿದ್ದೆ. ಕೊನೆಗೆ ಹತ್ತಕ್ಕೆ ಎಂಟು ಮಾರ್ಕು. ಯಾಕೆ ಎಂಟು ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಣ್ಯಕ್ಕೆ ಯಾರೂ ಕೇಳಲಿಲ್ಲ, ಯಾಕೆಂದರೆ ಯಾರೂ ಓದಲಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಅದನ್ನು ಒಬ್ಬ ಓದಿದ, ಪುಸ್ತಕವನ್ನೂ ಕೊಂಡ. ಆರು ಮುಖದ ಎರಡು ದಾಳ ಹಾಕುವ ಆಟ ಅದು. 10 ಅಥವಾ ಮೇಲೆ ಬಂದರೆ ಪೂರಾ ಗೆಲುವು. 7ರಿಂದ 9 ಬಂದರೆ ಕೆಲಸ ಆಗುತ್ತದೆ, ಜೊತೆಗೆ ಒಂದು ತಾಪತ್ರಯ. 6 ಅಥವಾ ಕೆಳಗೆ ಬಂದರೆ ಸೋಲು. ಓದುವಾಗ ಬಹಳ ಚಂದ ಕಂಡಿತು. "ಸರಳ, ವೇಗದ ಆಟ" ಅಂತ ಬರೆದುಬಿಟ್ಟೆ. ಕೊಂಡವನು ಫೋನ್ ಮಾಡಿ, "ಒಂದು ಗಂಟೆಯಲ್ಲಿ ನನ್ನ ತಲೆ ಖಾಲಿ ಆಯ್ತು ಮಾರಾಯ" ಅಂದ. ಆಗ ಕೂತು ಲೆಕ್ಕ ಹಾಕಿದೆ. ಎರಡು ದಾಳ ಬೀಳುವ ರೀತಿ ಒಟ್ಟು 36. ಅದರಲ್ಲಿ 10 ಅಥವಾ ಮೇಲೆ ಬರುವುದು ಬರೀ 6. ಮಧ್ಯದ್ದು 15, ಸೋಲಿನದ್ದು 15. ಅಂದರೆ ಐದು ಸಲ ದಾಳ ಬಿದ್ದರೆ ಹತ್ತಿರ ಹತ್ತಿರ ಎರಡು ಸಲ ಆಟ ನಡೆಸುವವನು ಹೊಸ ತಾಪತ್ರಯ ಹುಟ್ಟಿಸಬೇಕು. ಅದನ್ನು ಹೇಗೆ ಹುಟ್ಟಿಸುವುದು ಎಂಬುದಕ್ಕೆ ಪುಸ್ತಕ ಕೊಟ್ಟದ್ದು ಅರ್ಧ ಪುಟ. ಹತ್ತು ನಿಮಿಷದ ಲೆಕ್ಕ ಇದು. ಆಡಿದ್ದರೆ ಲೆಕ್ಕವೂ ಬೇಕಿರಲಿಲ್ಲ.

ನನ್ನ ಮಾವ ತಾಳಮದ್ದಳೆಯ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟದ, ಅರ್ಥಧಾರಿ. ಈ ಕಥೆ ಕೇಳಿ ಅವರು ಅಂದದ್ದು ಇಷ್ಟೇ: "ಪ್ರಸಂಗ ಪುಸ್ತಕ ಓದಿ ಕೂಟ ಹೇಗಾಯ್ತು ಅಂತ ಹೇಳ್ಲಿಕ್ಕೆ ಆಗ್ತದಾ?" ನನಗೆ ನಾಚಿಕೆಯಾಯಿತು.

ಅಲ್ಲಿಂದ ಕ್ರಮ ಬದಲಾಯಿತು. ಈಗ ಒಂದು ಪುಸ್ತಕವನ್ನು ಮೂರು ಸಲ ಆಡದೆ ಬರೆಯುವುದಿಲ್ಲ. ಮೊದಲ ಸಲ ನಾನೇ ಭಾಗವತ. ಆಟ ನಡೆಸುವ ಗೇಮ್ ಮಾಸ್ಟರ್‌ಗೆ ನಾವು ಇಟ್ಟ ಹೆಸರು ಅದು, ಮೇಜಿನ ಸುತ್ತ ಇದ್ದವರಿಗೆ ಬೇರೆ ವಿವರಣೆ ಬೇಕಾಗಲೇ ಇಲ್ಲ. ಎರಡನೆಯ ಸಲ ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟು ನಾನು ಬಾಯಿ ಮುಚ್ಚಿ ಕೂರುತ್ತೇನೆ. ನಿಜವಾದ ವಿಮರ್ಶೆ ಹುಟ್ಟುವುದು ಇಲ್ಲೇ. ಪಕ್ಕದ ಮನೆಯ ಹುಡುಗಿ ಡಿಗ್ರಿ ಓದುತ್ತಾಳೆ, ಕಲಿತದ್ದೆಲ್ಲ ಮಲಯಾಳದಲ್ಲಿ. ಅವಳು ಒಂದು ನಿಯಮ ಹುಡುಕಲು ತೊಡಗಿದರೆ ನಾನು ಫೋನಿನಲ್ಲಿ ಸಮಯ ನೋಡುತ್ತೇನೆ. ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟು? ಮುನ್ನೂರು ಪುಟದ ಪುಸ್ತಕ, ಹಿಂದೆ ಪದಸೂಚಿ ಇಲ್ಲ. ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಬ್ಬ ಚಾ ಕುಡಿಯಲು ಒಳಗೆ ಹೋದ, ಇನ್ನೊಬ್ಬ ತುಳುವಿನಲ್ಲಿ ಕ್ರಿಕೆಟ್ ಮಾತು ಶುರು ಮಾಡಿದ. ಇದನ್ನೆಲ್ಲ ಪುಟಸಂಖ್ಯೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. "ನಿಯಮಗಳು ಚದುರಿಹೋಗಿವೆ" ಅಂತ ಬರೆದರೆ ಯಾರಿಗೂ ತಾಗುವುದಿಲ್ಲ. ಆರು ನಿಮಿಷ, ಒಬ್ಬ ಎದ್ದುಹೋದ ಅಂತ ಬರೆದರೆ ತಾಗುತ್ತದೆ.

ಮೂರನೆಯ ಸಲಕ್ಕೆ ಮಾವನನ್ನು ಕೂರಿಸಿದೆ. ಕೋಟೆಯ ಕಾವಲುಗಾರನನ್ನು ಒಪ್ಪಿಸಿ ಒಳಗೆ ಹೋಗಬೇಕಿತ್ತು. ಮಾವ ಇಪ್ಪತ್ತು ನಿಮಿಷ ಕಾವಲುಗಾರನ ಧರ್ಮ, ಉಪ್ಪಿನ ಋಣ, ರಾಜನ ಕರ್ತವ್ಯ ಎಲ್ಲ ಮಾತಾಡಿದರು. ಕಾವಲುಗಾರನಾಗಿ ನಾನು ಬೆವರಿದೆ. ಇನ್ನು ದಾಳ ಹಾಕಿ ಮಾವ ಅಂದೆ. "ಇಷ್ಟು ಮಾತಾಡಿದ ಮೇಲೆ ದಾಳ ಎಂತಕ್ಕೆ?" ಅಂದರು. ಪುಸ್ತಕ ತೆಗೆದು ನೋಡಿದರೆ, ಚೆನ್ನಾಗಿ ಮಾತಾಡಿದವನಿಗೆ ಏನು ಕೊಡಬೇಕು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಹಾಕಿದರು, ಬಿತ್ತು 3. ಮಾವ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ವಿಮರ್ಶೆಯ ಮುಖ್ಯ ಪ್ಯಾರಾ ಅದೇ ಆಯಿತು. ಭಾವ ಪುಸ್ತಕ ಬಿಟ್ಟದ್ದೂ ಅದನ್ನು ಓದಿಯೇ.

ನಡುವೆ ಒಂದು ಹುಚ್ಚು ಹತ್ತಿತ್ತು. ದಾಳ ತರಿಸಲು ಕಾಸು ಯಾಕೆ, ಚೌಕಾಬಾರದ ಕವಡೆ ಸಾಕಲ್ವಾ ಅಂತ. ಆಟಿ ತಿಂಗಳ ಮಳೆ, ಬೇರೆ ಕೆಲಸವೂ ಇರಲಿಲ್ಲ. ನಾಲ್ಕು ಕವಡೆಯನ್ನು ಇನ್ನೂರು ಸಲ ಎಸೆದು ಬರೆದಿಟ್ಟೆ. ನನ್ನ ಕವಡೆ ಬಾಯಿ ಮೇಲಾಗಿ ಬಿದ್ದದ್ದು ನೂರಕ್ಕೆ ನಲವತ್ತರ ಆಸುಪಾಸು. ಒಂದು ಕವಡೆಯಂತೂ ಬರೀ ಮೋಸ. ಅಮ್ಮ ಚೆನ್ನೆಮಣೆ ತೆಗೆದುಕೊಂಡು ಬಂದು, ಅದರ ಬದಲು ಇದನ್ನಾದರೂ ಆಡು ಅಂದರು. ಅಲ್ಲಿಗೆ ಪ್ರಯೋಗ ಮುಗಿಯಿತು. ವಿಮರ್ಶೆಗೆ ಒಂದು ಸಾಲೂ ಸಿಗಲಿಲ್ಲ.

ದುಡ್ಡಿನ ಮಾತು. ಅಚ್ಚಾದ ಪುಸ್ತಕ ಸುಮಾರು 2,500, ಅಂಚೆ ಖರ್ಚು ಬೇರೆ ಸಾವಿರದ ಮೇಲೆ. ಪಿಡಿಎಫ್ ಆದರೆ ಏಳೆಂಟು ನೂರಕ್ಕೆ ಸಿಗುತ್ತದೆ, ಆದರೆ ಮೇಜಿನ ಮೇಲೆ ಕಾಗದ ಬೇಕು. ಪ್ರಿಂಟಿಗೆ ಇನ್ನು ಆರುನೂರು. ಒಂದೊಂದು ಸಲಕ್ಕೂ ಗೋಳಿಬಜೆ, ಚಾ ಅಂತ ಇನ್ನೂರು. ಒಂದು ವಿಮರ್ಶೆಗೆ ನನ್ನ ಕೈಯಿಂದ ಸುಮಾರು ಎರಡು ಸಾವಿರದಿಂದ ನಾಲ್ಕು ಸಾವಿರದ ಮೇಲೆ ಹೋಗುತ್ತದೆ. ಬಂದದ್ದು? ಒಂದು ಪತ್ರಿಕೆಯವರು ನಾಲ್ಕು ತಿಂಗಳಾದ ಮೇಲೆ 700 ಕಳಿಸಿದರು. ಇನ್ನೊಬ್ಬರು ಇನ್ನೂ "ನೋಡುವ" ಅನ್ನುತ್ತಿದ್ದಾರೆ. ಪುಸ್ತಕ ಪುಕ್ಕಟೆ ಕಳಿಸುತ್ತೇವೆ, ಬರೆಯಿರಿ ಅಂತ ಒಬ್ಬ ಪ್ರಕಾಶಕರು ಕೇಳಿದ್ದರು. ತೆಗೆದುಕೊಂಡೆ. ಆದರೆ ಪುಕ್ಕಟೆ ಸಿಕ್ಕಿದ್ದು ಅಂತ ಮೊದಲ ಸಾಲಿನಲ್ಲೇ ಬರೆದೆ. ಅವರು ಮತ್ತೆ ಕಳಿಸಲಿಲ್ಲ.

ಆಟ ಮುಗಿದ ಮೇಲೆ ಎಲ್ಲರಿಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅದರ ಉತ್ತರದಿಂದಲೇ ವಿಮರ್ಶೆಯ ಮೊದಲ ಸಾಲು ಸಿಗುತ್ತದೆ. ಪ್ರಶ್ನೆ ಯಾವುದು ಅಂತ ಹೇಳುವುದಿಲ್ಲ. ಹೊಸ ಪುಸ್ತಕ ಬಂದಾಗ ಮೊದಲು ಯಾವ ಪುಟ ತೆರೆಯುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ಸಿಕ್ಕಾಪಟ್ಟೆ ಖರ್ಚು ಮಾಡಿ ಕಲಿತದ್ದು.

ಒಂದನ್ನು ಮಾತ್ರ ಪುಕ್ಕಟೆ ಕೊಡುತ್ತೇನೆ. ಬೈಂಡಿಂಗ್ ನೋಡಿ. ಹೊರಗಿನ ವಿಮರ್ಶಕರು ಚಿತ್ರ ಚಂದ, ಕಾಗದ ಚಂದ ಅನ್ನುತ್ತಾರೆ. ನಮ್ಮ ಜೂನ್ ತಿಂಗಳ ಮಳೆಯನ್ನು ಅವರು ನೋಡಿಲ್ಲ. ಬರೀ ಅಂಟು ಹಾಕಿದ ಪುಸ್ತಕ ಜುಲೈ ಹೊತ್ತಿಗೆ ನೂರನೆಯ ಪುಟದ ಹತ್ತಿರ ಬಾಯಿ ಬಿಟ್ಟಿತು. ನುಣುಪು ಕಾಗದ ಒಂದಕ್ಕೊಂದು ಅಂಟಿಕೊಂಡಿತು. ಹೊಲಿದ ಪುಸ್ತಕ ಗಟ್ಟಿ ಉಳಿಯಿತು. ಈಗ ನನ್ನ ಪ್ರತಿ ವಿಮರ್ಶೆಯಲ್ಲೂ ಇದಕ್ಕೆ ಒಂದು ಸಾಲು ಇದೆ. ಆ ಬಾಯಿ ಬಿಟ್ಟ ಪುಸ್ತಕ ಸದ್ಯ ಅಡುಗೆಮನೆಯ ಅಟ್ಟದಲ್ಲಿ, ಒಣಮೆಣಸಿನ ಡಬ್ಬದ ಪಕ್ಕ ಒಣಗುತ್ತಿದೆ. ಮಾವ ಅದನ್ನೇ ಕೇಳುತ್ತಿದ್ದಾರೆ. ಆ ಕಾವಲುಗಾರನ ಹತ್ತಿರ ಇನ್ನೊಮ್ಮೆ ಮಾತಾಡಬೇಕಂತೆ.